ನಿಕಾನ್ ಬಿಡಿ ಎನ್ನುವ ಗೆಳೆಯರಿಗೆ

ನಾನು ನಿಕಾನ್ ಬಿಟ್ಟು ಸೋನಿಗೆ ಹೋಗುವುದಿಲ್ಲ. ಈ ಮಾತು ಕೇಳಿ ಕೋಟೇಶ್ವರ, ಕುಂದಾಪುರ, ಬೈಂದೂರು ಕಡೆಯ ಸ್ಟುಡಿಯೋ ಗೆಳೆಯರಲ್ಲಿ ಹಲವರು ಬೇಸರಪಟ್ಟರು, ಕೆಲವರು ಗದರಿಯೇ ಬಿಟ್ಟರು. ಮದುವೆ ಹಾಲಿನ ಊಟದ ಪಂಕ್ತಿಯಲ್ಲಿ, ಯಕ್ಷಗಾನ ಆಟದ ಚೌಕಿಯ ಬದಿಯಲ್ಲಿ, ಕೋಟೇಶ್ವರದ ಕೊಡಿ ಹಬ್ಬದ ಗದ್ದಲದ ನಡುವೆ ಅವರು ಎತ್ತಿದ ಆಕ್ಷೇಪಗಳಿಗೆ ನಿಂತ ನಿಲುವಿನಲ್ಲಿ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ಹೇಳಿದವರೆಲ್ಲ ಕೆಲಸ ಬಲ್ಲವರು, ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದವರು. ಹಾಗಾಗಿ ಒಂದೊಂದನ್ನೂ ಎತ್ತಿಕೊಂಡು, ಒಪ್ಪುವುದನ್ನು ಒಪ್ಪಿ, ಒಪ್ಪದ್ದಕ್ಕೆ ಕಾರಣ ಕೊಡುತ್ತೇನೆ. ಆಸಾಡಿಯ ಮಳೆಗಾಲ ಕಳೆದು ಸೀಸನ್ ಶುರುವಾಗುವ ಮುಂಚೆ ಸಾಲ ಮಾಡಿ ಕ್ಯಾಮೆರಾ ಬದಲಿಸಲು ಹೊರಟಿರುವ ಹುಡುಗರೂ ಇದನ್ನು ಓದಲಿ ಎಂಬ ಆಸೆ ನನಗಿದೆ.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ಮದುವೆ, ಉಪನಯನ, ಸೀಮಂತ, ದೇವಸ್ಥಾನದ ಉತ್ಸವ, ನಾಗಮಂಡಲ, ಯಕ್ಷಗಾನ. ಕೈಯಲ್ಲಿರುವುದು ಎರಡು ನಿಕಾನ್ ಡಿ750, ಒಂದು 24-70, ಒಂದು 70-200, ಒಂದು 85, ಮತ್ತೆ ಹಳೆಯ 50 ಎಂಎಂ ಡಿ ಲೆನ್ಸ್. ಡಿ750 ಬಂದದ್ದು 2014ರಲ್ಲಿ. ಅದು ಹಳೆಯದೆಂಬುದರಲ್ಲಿ ವಾದವೇ ಇಲ್ಲ.

ಗೆಳೆಯರ ಮೊದಲ ಆಕ್ಷೇಪ ಅದೇ. ಕನ್ನಡಿ ಇರುವ ಕ್ಯಾಮೆರಾದ ಕಾಲ ಮುಗಿಯಿತು, ಇನ್ನೂ ಅದನ್ನೇ ಹಿಡ್ಕಂಡು ಕೂತರೆ ಹೇಗೆ ಎನ್ನುತ್ತಾರೆ. ಮುಗಿಯಿತು, ನಿಜ. ನಿಕಾನ್ 2020ರ ಡಿ780, ಡಿ6 ಆದಮೇಲೆ ಫುಲ್‌ಫ್ರೇಮ್‌ನಲ್ಲಿ ಹೊಸ ಡಿಎಸ್‌ಎಲ್‌ಆರ್ ತಂದೇ ಇಲ್ಲ. ಕ್ಯಾನನ್ ತನ್ನ 1ಡಿಎಕ್ಸ್ ಮಾರ್ಕ್ 3 ಆ ಸಾಲಿನ ಕೊನೆಯದೆಂದು ಹೇಳಿ ಆಯಿತು. ಹೊಸ ಲೆನ್ಸ್, ಹೊಸ ಸಂಶೋಧನೆ ಎಲ್ಲವೂ ಮಿರರ್‌ಲೆಸ್ ಕಡೆಗೇ ಹರಿಯುತ್ತಿದೆ. ನನ್ನ ಮುಂದಿನ ಬಾಡಿಯೂ ಮಿರರ್‌ಲೆಸ್ಸೇ. ಆದರೆ ಕನ್ನಡಿ ಬಿಡುವುದು ಒಂದು ಪ್ರಶ್ನೆ, ಕಂಪನಿ ಬಿಡುವುದು ಇನ್ನೊಂದು ಪ್ರಶ್ನೆ. ಗೆಳೆಯರು ಮೊದಲನೆಯದನ್ನು ಸಾಬೀತು ಮಾಡಿ ಎರಡನೆಯದನ್ನೂ ಗೆದ್ದೆವೆಂದು ಎದ್ದು ಹೋಗುತ್ತಾರೆ. ನಮ್ಮೂರಿನ ಅರ್ಧ ಜಗಳ ಹುಟ್ಟುವುದೇ ಇಲ್ಲಿ.

ಇವೆರಡು ಒಂದೇ ಎಂದು ಜನ ಭಾವಿಸಿದ್ದಕ್ಕೆ ಇತಿಹಾಸದ ಕಾರಣವೂ ಇದೆ. ಸೋನಿ 2013ರಲ್ಲೇ ಎ7 ತಂದು ಫುಲ್‌ಫ್ರೇಮ್ ಮಿರರ್‌ಲೆಸ್‌ನಲ್ಲಿ ಮುಂದೆ ಹೋಯಿತು. 2018ರಲ್ಲಿ ಎ7 3 ಬಂದಾಗ ಅದರಲ್ಲಿ ಕಣ್ಣು ಹಿಡಿಯುವ ಫೋಕಸ್ ಇತ್ತು, ಎರಡು ಕಾರ್ಡ್ ಜಾಗ ಇತ್ತು, 693 ಫೋಕಸ್ ಬಿಂದುಗಳು ಚೌಕಟ್ಟಿನ ಹೆಚ್ಚುಕಡಿಮೆ ಎಲ್ಲ ಮೂಲೆಗೂ ಹರಡಿದ್ದವು. ಅದೇ ವರ್ಷ ನಿಕಾನ್ ತಂದ ಝಡ್6ರಲ್ಲಿ ಒಂದೇ ಕಾರ್ಡ್ ಜಾಗ. ಕಣ್ಣಿನ ಫೋಕಸ್ ಮೊದಲಿಗೆ ಇರಲೇ ಇಲ್ಲ, 2019ರ ಫರ್ಮ್‌ವೇರ್‌ನಲ್ಲಿ ಸೇರಿಸಿದರು. ಮುಹೂರ್ತದ ಫೋಟೋ ಎರಡು ಕಾರ್ಡಿಗೆ ಒಟ್ಟಿಗೆ ಬರೆಯಬೇಕಾದ ಮದುವೆ ಫೋಟೋಗ್ರಾಫರ್ ಆ ವರ್ಷ ಸೋನಿ ಕೊಂಡಿದ್ದರೆ ಸರಿಯಾಗಿಯೇ ಕೊಂಡ. ನನ್ನ ಗೆಳೆಯರಲ್ಲಿ ಬಹಳ ಜನ ಆಗ ಹೋದವರು. ಅವರ ಅಂದಿನ ನಿರ್ಧಾರದ ಬಗ್ಗೆ ನನ್ನ ತಕರಾರಿಲ್ಲ. 2018ರ ಕಾರಣವನ್ನು ಇವತ್ತಿಗೂ ಹೇಳುತ್ತಾರಲ್ಲ, ಅದಕ್ಕೆ ತಕರಾರು. 2020ರ ಝಡ್6 2ರಲ್ಲಿ ಎರಡು ಕಾರ್ಡ್ ಬಂತು, 2021ರಲ್ಲಿ ಝಡ್9, 2023ರಲ್ಲಿ ಝಡ್8, 2024ರಲ್ಲಿ ಝಡ್6 3. ಅಂದು ಇದ್ದ ದೊಡ್ಡ ಅಂತರ ಇಂದು ನನ್ನ ಆಲ್ಬಮ್ಮಿನ ಪುಟದಲ್ಲಿ ಕಾಣುವಷ್ಟು ಉಳಿದಿಲ್ಲ.

ಎರಡನೆಯ ಆಕ್ಷೇಪ ಬಲವಾದದ್ದು, ಹಾಗಾಗಿ ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಆಟದ ಫೋಟೋ ತೆಗೆಯುವವನಿಗೆ ಸೋನಿಯ ಕಣ್ಣಿನ ಫೋಕಸ್ ಇಲ್ಲದೆ ಆಗುವುದೇ ಇಲ್ಲ ಎನ್ನುತ್ತಾರೆ. ನನ್ನ ಡಿ750ರಲ್ಲಿ 51 ಫೋಕಸ್ ಬಿಂದುಗಳು ಚೌಕಟ್ಟಿನ ನಡುವೆ ಗುಂಪುಗೂಡಿವೆ. ವೇಷಧಾರಿ ರಂಗಸ್ಥಳದ ಬದಿಗೆ ಸರಿದರೆ ಬಿಂದು ಅಲ್ಲಿಗೆ ತಲುಪುವುದಿಲ್ಲ. ಇದು ನಿಜವಾದ ಕೊರತೆ. ಇಂದಿನ ಮಿರರ್‌ಲೆಸ್, ಯಾವ ಕಂಪನಿಯದ್ದಾದರೂ, ಪುರುಷವೇಷದ ಮುಖವನ್ನು ಮೂಲೆಯಲ್ಲೂ ಹಿಡಿದಿಡುತ್ತದೆ. ಸ್ತ್ರೀವೇಷದ ಕಣ್ಣಂತೂ ಸಲೀಸು.

ಆದರೆ ನಮ್ಮ ಬಡಗುತಿಟ್ಟಿನ ಆಟ ಕಣ್ಣು ನೋಡಿ ನಿಲ್ಲುವ ಆಟವಲ್ಲ. ಮಂಡಿ ಹಾಕಿ ತಿರುಗುವಾಗ ವೇಷಧಾರಿಯ ಮುಖ ಒಂದು ಕ್ಷಣ ಇತ್ತ, ಮರುಕ್ಷಣ ಬೆನ್ನು. ಮುಂಡಾಸಿನ ನೆರಳು ಹುಬ್ಬಿನ ಕೆಳಗೆ ಕಣ್ಣನ್ನೇ ನುಂಗಿಬಿಡುತ್ತದೆ. ಬಣ್ಣದ ವೇಷ ಬಂದರೆ ಮುಖ ಮುಖದ ಹಾಗೆ ಇರುವುದೇ ಇಲ್ಲ. ಅಲ್ಲಿ ಯಂತ್ರ ತಡವರಿಸಿ ಕಿರೀಟದ ಅಂಚನ್ನೋ ಹಿಂದಿನ ಭಾಗವತರ ಮುಖವನ್ನೋ ಹಿಡಿಯುತ್ತದೆ. ಇದು ಒಂದು ಕಂಪನಿಯ ದೋಷ ಎಂದು ನಾನು ಹೇಳುವುದಿಲ್ಲ. ಕಿರೀಟ, ಬಣ್ಣ, ಅಂಟಿಸಿದ ಮೀಸೆ ಇರುವ ಮುಖ ಯಾವ ಕ್ಯಾಮೆರಾಕ್ಕೂ ಕಷ್ಟದ್ದೇ.

ಅಂಥ ಹೊತ್ತಿನಲ್ಲಿ ಫೋಟೋ ಸಿಗುವುದು ಕಿವಿಯಿಂದ. ಭಾಗವತರು ಪದ ಎತ್ತಿದ ತಾಳ ಯಾವುದು, ಚಂಡೆಯವರು ಬಿಡ್ತಿಗೆಗೆ ಎಲ್ಲಿ ಏರಿಸುತ್ತಾರೆ, ಮುಕ್ತಾಯಕ್ಕೆ ವೇಷ ಯಾವ ಕಡೆ ಮುಖ ಮಾಡಿ ನಿಲ್ಲುತ್ತದೆ, ಇಷ್ಟು ಗೊತ್ತಿದ್ದವನು ಆ ಜಾಗಕ್ಕೆ ಮೊದಲೇ ಫೋಕಸ್ ಇಟ್ಟು ಕಾಯುತ್ತಾನೆ. ಮಂದಾರ್ತಿ ಮೇಳದ ಹರಕೆ ಆಟಗಳಲ್ಲಿ ಗಮನಿಸಿ ನೋಡಿ, ಒಡ್ಡೋಲಗಕ್ಕೆ ಪರದೆ ಸರಿಯುವ ಮುಂಚೆಯೇ ಹಳಬರು ಎದ್ದು ಎಲ್ಲಿ ಹೋಗಿ ನಿಂತಿರುತ್ತಾರೆಂದು. ಅವರ ಕೈಯಲ್ಲಿ ಯಾವ ಬ್ರ್ಯಾಂಡ್ ಇದೆ ಎಂಬುದು ಆ ಹೊತ್ತಿಗೆ ನಗಣ್ಯ. ಹೊಸ ಫೋಕಸ್ ನನಗೂ ಬೇಕು, ಮುಖ್ಯವಾಗಿ ಮದುವೆಯ ಗುಂಪು ಗದ್ದಲಕ್ಕೆ. ಅದು ಝಡ್6 3ರಲ್ಲೂ ಇದೆ. ಸೋನಿಗೇ ಹೋಗಬೇಕು ಎಂಬ ತೀರ್ಮಾನ ಇದರಿಂದ ಹುಟ್ಟುವುದಿಲ್ಲ.

ಮೂರನೆಯದು ಸೆನ್ಸರ್. ಸೋನಿಯ ಸೆನ್ಸರ್ ಮುಂದೆ ಯಾರದ್ದೂ ನಿಲ್ಲುವುದಿಲ್ಲ ಎನ್ನುವವರು ಒಂದು ಸಂಗತಿ ಮರೆಯುತ್ತಾರೆ: ನಿಕಾನ್‌ನ ಎಷ್ಟೋ ಮಾದರಿಗಳ ಸೆನ್ಸರ್ ತಯಾರಾದದ್ದು ಸೋನಿಯ ಕಾರ್ಖಾನೆಯಲ್ಲೇ. 2016ರಲ್ಲಿ ಜಪಾನಿನ ಕುಮಾಮೊಟೊದಲ್ಲಿ ಭೂಕಂಪ ಆಗಿ ಸೋನಿಯ ಸೆನ್ಸರ್ ಕಾರ್ಖಾನೆ ನಿಂತಾಗ ಪೆಟ್ಟು ಬಿದ್ದದ್ದು ಸೋನಿ ಒಬ್ಬರಿಗೇ ಅಲ್ಲ, ನಿಕಾನ್‌ಗೂ ಬಿತ್ತು. ಕತ್ತಲೆಯಲ್ಲಿ ಒಂದರ ಚಿತ್ರದ ಕಾಳು (ನಾಯ್ಸ್) ಇನ್ನೊಂದಕ್ಕಿಂತ ಚೂರು ಹೆಚ್ಚು ಕಡಿಮೆ ಇರಬಹುದು. ಆಲ್ಬಮ್ಮಿನ 12-36 ಇಂಚಿನ ಹಾಳೆಯಲ್ಲಿ ಅದನ್ನು ಗುರುತಿಸುವ ಮದುಮಗಳ ತಾಯಿಯನ್ನು ನಾನು ಕಂಡಿಲ್ಲ.

ನಮ್ಮ ರಂಗಸ್ಥಳದ ನಿಜವಾದ ತಲೆನೋವು ಸೆನ್ಸರ್ ಅಲ್ಲ, ಬೆಳಕು. ದೊಂದಿ ಹೋಗಿ ಗ್ಯಾಸ್‌ಲೈಟ್ ಬಂತು, ಅದು ಹೋಗಿ ಟ್ಯೂಬು, ಹ್ಯಾಲೊಜನ್, ಈಗ ಎಲ್‌ಇಡಿ ಪಾರ್ ಲೈಟು. ಕೆಂಪು, ನೀಲಿ ಎಲ್‌ಇಡಿ ಒಂದೇ ಬಣ್ಣದ ಬೆಳಕನ್ನು ಸುರಿಯುತ್ತದೆ. ಕೆಂಪು ಕಸೆ ಸೀರೆಯ ಮೇಲೆ ಕೆಂಪು ಎಲ್‌ಇಡಿ ಬಿದ್ದರೆ ಕೆಂಪು ಚಾನೆಲ್ ಸುಟ್ಟುಹೋಗಿ ಬಟ್ಟೆಯ ನೆರಿಗೆ, ಚೌಕುಳಿ ಎಲ್ಲ ಅಳಿಸಿ ಬರೀ ಒಂದು ಬಣ್ಣದ ಮುದ್ದೆ ಉಳಿಯುತ್ತದೆ. ಒಟ್ಟು ಹಿಸ್ಟೋಗ್ರಾಂ ನೋಡಿದರೆ ಎಲ್ಲ ಸರಿಯಿದ್ದ ಹಾಗೇ ಕಾಣುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಂ ಬೇರೆ ಬೇರೆಯಾಗಿ ನೋಡಿ, ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ, ರಾ (RAW) ಫೈಲಿನಲ್ಲಿ ತೆಗೆದರೆ ಉಳಿಯುತ್ತದೆ. ಎರಡು ಲಕ್ಷದ ಹೊಸ ಬಾಡಿ ಕೊಂಡವನೂ ಜೆಪೆಗ್‌ನಲ್ಲಿ ಅಳತೆ ತಪ್ಪಿ ತೆಗೆದರೆ ಅದೇ ಮುದ್ದೆ. ಚೌಕಿಗೆ ಹೋಗಿ ಲೈಟಿನವರ ಹತ್ತಿರ ಎದುರಿನಿಂದ ಎರಡು ಬಿಳಿ ಬೆಳಕು ಇಡಿ ಎಂದು ವಿನಂತಿಸುವುದು ಇದಕ್ಕಿಂತಲೂ ಒಳ್ಳೆಯ ಉಪಾಯ. ಹೆಚ್ಚಿನವರು ಸಂತೋಷದಿಂದಲೇ ಇಡುತ್ತಾರೆ.

ಬೆಳಕಿನ ಮಾತು ಬಂದದ್ದಕ್ಕೆ ಸದ್ದಿಲ್ಲದ ಶಟರ್‌ನ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಮಾಂಗಲ್ಯಧಾರಣೆಯ ಹೊತ್ತಿಗೆ, ನಾಗಮಂಡಲದಲ್ಲಿ ದರ್ಶನದ ಹೊತ್ತಿಗೆ ಕನ್ನಡಿ ಟಪಟಪ ಬಡಿಯುವುದು ಚೆಂದವಲ್ಲ ಎನ್ನುತ್ತಾರೆ. ಪೂರ್ತಿ ಒಪ್ಪಿದೆ. ಆದರೆ ಎಲೆಕ್ಟ್ರಾನಿಕ್ ಶಟರ್ ಹೇಗೆ ಕೆಲಸ ಮಾಡುತ್ತದೆಂದು ತಿಳಿಯದೆ ಅದನ್ನು ಮುಹೂರ್ತಕ್ಕೆ ಬಳಸುವುದು ಅಪಾಯ. ಸಾಮಾನ್ಯ ಫುಲ್‌ಫ್ರೇಮ್ ಸೆನ್ಸರ್ ತನ್ನ ಸಾಲುಗಳನ್ನು ಮೇಲಿಂದ ಕೆಳಗೆ ಓದಿ ಮುಗಿಸಲು ಸೆಕೆಂಡಿನ ಹದಿನೈದನೆಯ ಅಥವಾ ಇಪ್ಪತ್ತನೆಯ ಒಂದು ಭಾಗ ತೆಗೆದುಕೊಳ್ಳುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಅದರ ಮೇಲೆ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಅಂದರೆ ಸೆನ್ಸರ್ ಒಂದು ಫೋಟೋ ಓದುವಷ್ಟರಲ್ಲಿ ಬೆಳಕು ಐದಾರು ಸಲ ಏರಿ ಇಳಿದಿರುತ್ತದೆ. ಮದುಮಕ್ಕಳ ಮೇಲೆ ಅಡ್ಡಡ್ಡ ಪಟ್ಟೆ ಬೀಳುವುದು ಇದರಿಂದ. ಇದಕ್ಕೆ ಪರಿಹಾರ ವೇಗವಾಗಿ ಓದುವ ಸ್ಟ್ಯಾಕ್ಡ್ ಸೆನ್ಸರ್. ಸೋನಿ 2017ರಲ್ಲೇ ಎ9ರಲ್ಲಿ ತಂದಿತು, ಎ9 3ರಲ್ಲಿ ಗ್ಲೋಬಲ್ ಶಟರ್ ಇಟ್ಟು ಎಲ್ಲ ಸಾಲನ್ನೂ ಒಂದೇ ಹೊತ್ತಿಗೆ ಓದುವಂತೆ ಮಾಡಿತು. ಈ ವಿಷಯದಲ್ಲಿ ಸೋನಿಯವರು ಮಾಡಿದ್ದು ದೊಡ್ಡ ಕೆಲಸ. ಆದರೆ ನಮ್ಮ ಊರಿನ ಗೆಳೆಯರು ಕೊಳ್ಳುತ್ತಿರುವುದು ಎ9 3 ಅಲ್ಲವಲ್ಲ! ಎ7 3, ಎ7 4 ಕೊಂಡವರು ಮದುವೆ ಹಾಲಿನ ಎಲ್‌ಇಡಿ ಕೆಳಗೆ ಮೆಕ್ಯಾನಿಕಲ್ ಶಟರ್‌ಗೇ ಮರಳುತ್ತಾರೆ. ಅದೂ ಸದ್ದು ಮಾಡುತ್ತದೆ, ಕನ್ನಡಿಗಿಂತ ಕಡಿಮೆ ಅಷ್ಟೆ. ಚಂಡೆಯ ಮುಂದಂತೂ ಈ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ನಿಕಾನ್ ಮುಳುಗುವ ಹಡಗು ಎಂಬ ಮಾತು. ಇದು 2020, 21ರಲ್ಲಿ ಹುಟ್ಟಿತು, ಆಗ ಸುಳ್ಳೂ ಆಗಿರಲಿಲ್ಲ. ಕಂಪನಿಗೆ ಭಾರೀ ನಷ್ಟ ಆಯಿತು, ಜಪಾನಿನ ಸೆಂಡೈಯಲ್ಲಿ ಬಾಡಿ ತಯಾರಿಸುವುದನ್ನು ನಿಲ್ಲಿಸಿ ಥೈಲ್ಯಾಂಡಿಗೆ ಒಯ್ದರು. ಆ ಭಯದಲ್ಲಿ ಲೆನ್ಸ್‌ಗಳನ್ನು ಸಿಕ್ಕಿದ ಬೆಲೆಗೆ ಮಾರಿದವರು ನಮ್ಮಲ್ಲಿದ್ದಾರೆ. ಹಡಗು ಮುಳುಗಲಿಲ್ಲ. 2024ರಲ್ಲಿ ಅದೇ ಕಂಪನಿ ಸಿನಿಮಾ ಕ್ಯಾಮೆರಾದ ರೆಡ್ ಸಂಸ್ಥೆಯನ್ನೇ ಕೊಂಡುಕೊಂಡಿತು. ನಾಳೆ ಏನಾಗುತ್ತದೆಂದು ನಾನು ಹೇಳಲಾರೆ, ಯಾರೂ ಹೇಳಲಾರರು. ಆದರೆ ಬಾಗಿಲು ಮುಚ್ಚುವ ಭಯಕ್ಕೆ ಬ್ರ್ಯಾಂಡ್ ಬದಲಿಸುವುದಾದರೆ ಸುರಕ್ಷಿತ ಮನೆ ಯಾವುದು? ಮಿನೋಲ್ಟಾದವರು ಕ್ಯಾಮೆರಾ ವ್ಯಾಪಾರ ಬಿಟ್ಟು 2006ರಲ್ಲಿ ಸೋನಿಗೆ ಒಪ್ಪಿಸಿದರು. ಆ ಮೌಂಟನ್ನು ಸೋನಿ ಕೆಲವು ವರ್ಷ ನಡೆಸಿ, ಕೊನೆಗೆ ತಾನೂ ನಿಲ್ಲಿಸಿತು. ಸ್ಯಾಮ್‌ಸಂಗ್ ಒಳ್ಳೆಯ ಮಿರರ್‌ಲೆಸ್ ಮಾಡಿ ಸದ್ದಿಲ್ಲದೆ ಹೊರಬಿತ್ತು. ಒಲಿಂಪಸ್ ತನ್ನ ಕ್ಯಾಮೆರಾ ವಿಭಾಗವನ್ನು ಮಾರಿತು. ಕ್ಯಾನನ್ 1987ರಲ್ಲಿ ಹಳೆಯ ಎಫ್‌ಡಿ ಮೌಂಟನ್ನು ಬಿಟ್ಟು ಇಎಫ್ ತಂದಾಗ ಅದರ ನಿಷ್ಠಾವಂತರ ಲೆನ್ಸ್‌ಗಳು ಹೊಸ ಬಾಡಿಗೆ ಕೂರದೆ ಹೋದವು.

ನಿಕಾನ್ ವಿಷಯದಲ್ಲಿ ನನಗೆ ಗೌರವ ಹುಟ್ಟಿಸುವುದು ಹಳೆಯ ಲೆನ್ಸ್‌ಗಳನ್ನು ಕೈಬಿಡದ ಗುಣ. ಎಫ್ ಮೌಂಟ್ ಹುಟ್ಟಿದ್ದು 1959ರಲ್ಲಿ. ಲೆನ್ಸಿನ ಚಾಚಿನಿಂದ ಫಿಲಂ ತನಕದ ಅಂತರ ಅಂದಿನಿಂದ ಡಿ6ರವರೆಗೂ 46.5 ಮಿಲಿಮೀಟರೇ. 2018ರಲ್ಲಿ ಝಡ್ ಮೌಂಟ್ ಬಂದಾಗ ಆ ಅಂತರ 16 ಮಿಲಿಮೀಟರಿಗೆ ಇಳಿಯಿತು. ನಡುವಿನ 30.5 ಮಿಲಿಮೀಟರನ್ನು ತುಂಬುವುದೇ ಎಫ್‌ಟಿಝಡ್ ಅಡಾಪ್ಟರ್. ಅದರೊಳಗೆ ಗಾಜಿಲ್ಲ, ಹಾಗಾಗಿ ಚಿತ್ರದ ಗುಣ ಕೆಡುವುದಿಲ್ಲ. ನನ್ನ 24-70, 70-200, 85 ಮೂರೂ ಮೋಟಾರು ಒಳಗಿರುವ ಎಎಫ್-ಎಸ್ ಲೆನ್ಸ್‌ಗಳು. ಝಡ್ ಬಾಡಿಯ ಮೇಲೆ ಕಣ್ಣಿನ ಫೋಕಸ್ ಸಮೇತ ನಡೆಯುತ್ತವೆ. ಹಳೆಯ 50 ಡಿ ಮಾತ್ರ ಕೈಯಿಂದ ಫೋಕಸ್ ಮಾಡಬೇಕು, ಏಕೆಂದರೆ ಆ ಲೆನ್ಸನ್ನು ತಿರುಗಿಸುವ ತಿರುಪು ಅಡಾಪ್ಟರಿನಲ್ಲಿಲ್ಲ. ಫ್ಲ್ಯಾಷ್‌ಗಳು ಹಾಗೇ ನಡೆಯುತ್ತವೆ. ಬ್ಯಾಟರಿಯೂ ಅದೇ ಇಎನ್-ಇಎಲ್15 ಕುಟುಂಬದ್ದು. ನನ್ನ ಮಟ್ಟಿಗೆ ಮಿರರ್‌ಲೆಸ್‌ಗೆ ಹೋಗುವುದೆಂದರೆ ಒಂದು ಬಾಡಿ, ಒಂದು ಅಡಾಪ್ಟರ್.

ಬ್ಯಾಟರಿ ಮಾತ್ರ ಕನ್ನಡಿ ಕ್ಯಾಮೆರಾದಷ್ಟು ಬಾರದು. ಡಿ750 ಒಂದು ಚಾರ್ಜಿಗೆ 1230 ಫೋಟೋ ಎಂದು ಕಂಪನಿಯ ಅಳತೆ, ಎ7 3ಕ್ಕೆ 710, ಮೊದಲ ಝಡ್6ಕ್ಕೆ ಬರೀ 310. ರಾತ್ರಿಯಿಡೀ ಆಟಕ್ಕೆ ಕೂರುವವರು ಜೇಬಿನಲ್ಲಿ ಬ್ಯಾಟರಿ ಹೆಚ್ಚಿಟ್ಟುಕೊಳ್ಳಬೇಕು. ಈ ಲೆಕ್ಕದಲ್ಲಿ ಸೋನಿ ಮುಂದೆ ಎಂದು ಗೆಳೆಯರು ಹೇಳಿದರೆ ತಲೆಬಾಗುತ್ತೇನೆ.

ದೊಡ್ಡ ದೊಡ್ಡವರೇ ಸೋನಿಗೆ ಹೋದರಲ್ಲ ಎಂದು ಇನ್ನೊಬ್ಬರು. ಹೌದು, ಅಸೋಸಿಯೇಟೆಡ್ ಪ್ರೆಸ್ 2020ರಲ್ಲಿ ತನ್ನ ಜಗತ್ತಿನೆಲ್ಲ ಕಡೆಯ ಫೋಟೋ ಮತ್ತು ವಿಡಿಯೋ ಪತ್ರಕರ್ತರಿಗೆ ಸೋನಿ ಕೊಡುತ್ತೇವೆಂದು ಪ್ರಕಟಿಸಿತು. ಅವರ ಕಾರಣ ಸ್ಪಷ್ಟ: ಫೋಟೋದವರೂ ವಿಡಿಯೋದವರೂ ಒಂದೇ ಬಾಡಿ, ಒಂದೇ ಲೆನ್ಸ್ ಹಂಚಿಕೊಳ್ಳಬೇಕು. ದುಡ್ಡು ಕೊಡುವುದು ಸಂಸ್ಥೆ. ಕೋಟೇಶ್ವರದ ಸ್ಟುಡಿಯೋದವನಿಗೆ ದುಡ್ಡು ಕೊಡುವ ಸಂಸ್ಥೆ ಯಾವುದೂ ಇಲ್ಲ. ನಾಸಾದವರು ನಿಕಾನ್ ಬಳಸುತ್ತಾರೆಂದು ನಾನೂ ಹೇಳಬಹುದು. ಅದೂ ನನ್ನ ಆಟದ ಫೋಟೋಕ್ಕೆ ಸಂಬಂಧಿಸಿದ್ದಲ್ಲ.

ಲೆನ್ಸಿನ ವಿಷಯದಲ್ಲಿ ಸೋನಿ ಪರವಾಗಿ ಇರುವ ವಾದವನ್ನು ನಾನು ಗಟ್ಟಿ ಎಂದೇ ಎಣಿಸುತ್ತೇನೆ. ಅವರು 2011ರಲ್ಲೇ ಇ-ಮೌಂಟಿನ ವಿವರಗಳನ್ನು ಬೇರೆ ಕಂಪನಿಗಳಿಗೆ ತೆರೆದಿಟ್ಟರು. ಅದರ ಫಲವಾಗಿ ಟ್ಯಾಮ್ರಾನ್, ಸಿಗ್ಮಾ ಲೆನ್ಸ್‌ಗಳು ರಾಶಿ ರಾಶಿ ಬಂದವು. ಟ್ಯಾಮ್ರಾನ್ 28-75 ಎಫ್2.8 ಎಷ್ಟು ಹುಡುಗರ ಸಂಸಾರ ನಡೆಸಿಲ್ಲ! ಕ್ಯಾನನ್ ತನ್ನ ಆರ್‌ಎಫ್ ಮೌಂಟಿಗೆ ಬಾಗಿಲು ಹಾಕಿಕೊಂಡು ಬಹಳ ಕಾಲ ಕೂತಿತು, ಅದು ಚಿಕ್ಕ ಸ್ಟುಡಿಯೋಗಳಿಗೆ ಮಾಡಿದ ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ನಿಕಾನ್ ತಡವಾಗಿ, 2022ರಿಂದ ಟ್ಯಾಮ್ರಾನ್‌ಗೆ, ಆಮೇಲೆ ಸಿಗ್ಮಾಕ್ಕೆ ಪರವಾನಗಿ ಕೊಟ್ಟಿತು. ಆಯ್ಕೆ ಇನ್ನೂ ಸೋನಿಯಲ್ಲೇ ಹೆಚ್ಚು. ಹಾಗಾದರೆ ಈ ವಾದ ಯಾರಿಗೆ ಸಲ್ಲುತ್ತದೆ? ಲೆನ್ಸ್ ಇಲ್ಲದವರಿಗೆ. ಕಿಟ್ ಲೆನ್ಸಿನ ಒಂದು ಸಣ್ಣ ಡಿಎಸ್‌ಎಲ್‌ಆರ್ ಮಾತ್ರ ಇರುವ ಹುಡುಗ ಸೋನಿಗೆ ಹೋದರೆ ಅವನು ಬಿಟ್ಟುಹೋಗುವುದು ಏನೂ ಇಲ್ಲ, ಅವನು ಹೊಸದಾಗಿ ಶುರು ಮಾಡುತ್ತಿದ್ದಾನೆ ಅಷ್ಟೆ. ವಿಡಿಯೋವೇ ಮುಖ್ಯ ಕಸುಬಾದವರಿಗೂ ಸೋನಿ ಒಳ್ಳೆಯ ಆಯ್ಕೆ. ಅವರನ್ನು ನಾನು ತಡೆಯುವುದಿಲ್ಲ. ನನ್ನ ಕಪಾಟಿನಲ್ಲಿ ಲೆನ್ಸ್‌ಗಳು ಇವೆ, ಅವು ಇನ್ನೂ ಚೂಪಾಗಿ ಬರುತ್ತವೆ.

ಹಳೆ ಲೆನ್ಸ್‌ಗೆ ಫಂಗಸ್ ಬರುತ್ತದೆ ಎಂದು ಹೆದರಿಸಿದವರಿಗೆ ಎರಡೇ ಮಾತು. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ನಾಲ್ಕು ತಿಂಗಳಲ್ಲಿ. ಕೋಡಿ ಕಡಲಿನ ಉಪ್ಪುಗಾಳಿ ಬೇರೆ. ಫಂಗಸ್ ಲೆನ್ಸಿನ ವಯಸ್ಸನ್ನಾಗಲಿ ಮೇಲಿನ ಹೆಸರನ್ನಾಗಲಿ ನೋಡುವುದಿಲ್ಲ, ತೇವ ನೋಡುತ್ತದೆ. ಗಾಳಿಯ ತೇವಾಂಶ ಶೇಕಡಾ 40ರಿಂದ 50ರ ನಡುವೆ ಇಡುವ ಡ್ರೈ ಕ್ಯಾಬಿನೆಟ್ ಒಂದಿದ್ದರೆ ಹಳೆಯದೂ ಉಳಿಯುತ್ತದೆ. ಇಲ್ಲದಿದ್ದರೆ ಎರಡು ಲಕ್ಷದ ಹೊಸ ಲೆನ್ಸಿಗೂ ಒಂದು ಮಳೆಗಾಲ ಸಾಕು. ಬ್ರ್ಯಾಂಡ್ ಬದಲಿಸುವ ಮೊದಲು ಕ್ಯಾಬಿನೆಟ್ ಕೊಳ್ಳಿ ಎಂದು ಹುಡುಗರಿಗೆ ಕೈಮುಗಿದು ಹೇಳುತ್ತೇನೆ. ಚರ್ಮದ ಬ್ಯಾಗಿನಲ್ಲಿ ಕ್ಯಾಮೆರಾ ಹಾಕಿ ಆಸಾಡಿ ಪೂರ್ತಿ ಅಟ್ಟದ ಮೇಲಿಡುವವರು ಈಗಲೂ ಇದ್ದಾರೆ.

ಈಗ ದುಡ್ಡಿನ ಮಾತು. ನನ್ನ ಗೆಳೆಯರು ಇದನ್ನು ಕೊನೆಗೆ, ಹಗುರವಾಗಿ ಹೇಳುತ್ತಾರೆ: ಇಎಂಐ ಇದೆಯಲ್ಲ, ಒಂದು ಸೀಸನ್‌ನಲ್ಲಿ ತೀರುತ್ತದೆ. ನನಗೆ ನಿಜವಾಗಿ ನೋವು ಕೊಡುವ ಮಾತು ಇದೊಂದೇ. ಸೋನಿಗೆ ಹೋದವರನ್ನು ನಾನು ನೋಡಿದ್ದೇನೆ. ಎರಡು ಬಾಡಿ, ಕಂಪನಿಯದೇ ಎರಡು ದೊಡ್ಡ ಜೂಮ್, ಒಂದು ಪ್ರೈಮ್, ಫ್ಲ್ಯಾಷ್‌ಗಳು, ಕಾರ್ಡು, ಬ್ಯಾಟರಿ ಎಂದು ಕೂಡಿಸುತ್ತಾ ಹೋದರೆ ಹತ್ತು ಲಕ್ಷದ ಹತ್ತಿರ ಬರುತ್ತದೆ. ಟ್ಯಾಮ್ರಾನ್ ಹಾಕಿ ಇಳಿಸಿದರೂ ಐದಾರು ಲಕ್ಷಕ್ಕೆ ಕಡಿಮೆ ಇಲ್ಲ. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವಾಗ ಅಂಗಡಿಯವರು ಹೇಳುವ ಬೆಲೆ ಕೇಳಿದರೆ ಮಾತು ನಿಲ್ಲುತ್ತದೆ. ಐದು ಲಕ್ಷ ಸಾಲ, ವರ್ಷಕ್ಕೆ ಶೇಕಡಾ 14 ಬಡ್ಡಿ, ಮೂರು ವರ್ಷ ಎಂದಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು 17,000 ಕಂತು. ಮುಗಿಯುವ ಹೊತ್ತಿಗೆ ಬಡ್ಡಿಯೇ ಒಂದು ಲಕ್ಷ ದಾಟಿ ಹೋಗಿರುತ್ತದೆ. ಬ್ಯಾಂಕಿಗೆ ಆಸಾಡಿ ಗೊತ್ತಿಲ್ಲ. ಜೂನ್‌ನಿಂದ ಮಳೆ ಸುರಿದು ಮದುವೆ, ಆಟ, ಉತ್ಸವ ಮೂರೂ ನಿಂತಾಗ, ಪಾಸ್‌ಪೋರ್ಟ್ ಸೈಜಿನ ಫೋಟೋ ಮಾತ್ರ ಬರುವ ದಿನಗಳಲ್ಲಿ ಆ 17,000 ಎಲ್ಲಿಂದ ಬರಬೇಕು? ಸೀಸನ್ ಅಂದರೆ ಕೈಬೆರಳಿನಲ್ಲಿ ಎಣಿಸುವ ತಿಂಗಳು, ಅದರಲ್ಲೂ ಒಳ್ಳೆಯ ಮುಹೂರ್ತದ ದಿನ ನಾಲ್ಕು ಮದುವೆ ಒಟ್ಟಿಗೆ ಬರುತ್ತವೆ, ಒಬ್ಬನಿಂದ ಒಂದನ್ನೇ ಮಾಡಲು ಸಾಧ್ಯ.

ಇದರ ಎದುರು ಆದಾಯ ಎಷ್ಟು ಏರಿತು? ಹೊಸ ಬ್ರ್ಯಾಂಡ್ ತಂದೆ ಎಂದು ಮದುವೆ ಪಾರ್ಟಿಯವರು ಹೆಚ್ಚು ಕೊಡುವುದಿಲ್ಲ. ದರ ಏರದೆ ಖರ್ಚು ಏರಿದಾಗ ಹುಡುಗರು ಮಾಡುವುದೇನು? ಆಲ್ಬಮ್ಮಿನ ಹಾಳೆ ತೆಳುವಾಗುತ್ತದೆ, ಸಹಾಯಕನ ಸಂಬಳ ಕಡಿತ ಆಗುತ್ತದೆ, ಕೊನೆಗೆ ಕ್ಯಾಮೆರಾವನ್ನೇ ಬಾಡಿಗೆಗೆ ಬಿಟ್ಟು ತಾನು ಇನ್ನೊಬ್ಬರ ಕೈಕೆಳಗೆ ಹೋಗಬೇಕಾಗುತ್ತದೆ. 2019ರ ಜನವರಿಯಲ್ಲಿ ಕ್ಯಾಮೆರಾದ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಾಗ ನಾವೆಲ್ಲ ಸಂತೋಷಪಟ್ಟೆವು. ಆ ಉಳಿತಾಯವನ್ನು ಬಡ್ಡಿ ಎಂದೋ ತಿಂದು ಹಾಕಿದೆ. ಬ್ರ್ಯಾಂಡ್ ಬದಲಿಸುವ ದುಡ್ಡಿನಲ್ಲಿ ಕಾಲು ಪಾಲು ಬೆಳಕಿಗೆ ಹಾಕಿ: ಒಂದು ಒಳ್ಳೆಯ ಆಫ್-ಕ್ಯಾಮೆರಾ ಫ್ಲ್ಯಾಷ್, ಒಂದು ಸಾಫ್ಟ್‌ಬಾಕ್ಸ್, ಬಣ್ಣ ಸರಿ ತೋರಿಸುವ ಒಂದು ಮಾನಿಟರ್. ನಮ್ಮ ಹಾಲ್‌ಗಳಲ್ಲಿ ಮಂಟಪದ ಹಿಂದೆ ಹೊಳೆಯುವ ಎಲ್‌ಇಡಿ ಗೋಡೆಯ ಎದುರು ಮದುಮಕ್ಕಳ ಮುಖ ಕಪ್ಪಾಗಿ ಬೀಳುವುದನ್ನು ಇದು ಉಳಿಸುತ್ತದೆ. ಬ್ರ್ಯಾಂಡ್ ಉಳಿಸುವುದಿಲ್ಲ.

ಕೈ ಅಭ್ಯಾಸದ ಬಗ್ಗೆ ಒಂದು ಮಾತು ಸೇರಿಸಬೇಕು, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಕಾನ್ ಲೆನ್ಸ್ ಕೂರಿಸಲು ತಿರುಗಿಸುವ ದಿಕ್ಕು ಸೋನಿ, ಕ್ಯಾನನ್‌ಗೆ ಉಲ್ಟಾ. ಮೆನು, ಗುಂಡಿ, ಡಯಲ್ ಎಲ್ಲ ಬೇರೆ. ಬಿಡುವಿದ್ದಾಗ ಒಂದು ತಿಂಗಳಲ್ಲಿ ಕಲಿಯಬಹುದು, ಒಪ್ಪುತ್ತೇನೆ. ಆದರೆ ಅಂತರಪಟ ಸರಿಯುವ ಕ್ಷಣದಲ್ಲಿ ಕಲಿಯಲು ಆಗುವುದಿಲ್ಲ. ಬದಲಿಸುವವರು ಮಳೆಗಾಲದಲ್ಲಿ ಬದಲಿಸಿ, ಸೀಸನ್ ನಡುವೆ ಬೇಡ.

ಪಾರ್ಟಿಯವರು ಯಾವ ಕ್ಯಾಮೆರಾ ಎಂದು ಕೇಳುತ್ತಾರಂತೆ. ಕೇಳಲಿ. ಕಳೆದ ಮದುವೆಯ ಆಲ್ಬಮ್ ಕೈಗೆ ಕೊಡಿ. ಹಾಳೆ ತಿರುವಿದ ಮೇಲೂ ಅದೇ ಪ್ರಶ್ನೆ ಕೇಳಿದವರು ನನಗೆ ಸಿಕ್ಕಿಲ್ಲ.

ಕೊನೆಯ ಆಕ್ಷೇಪಕ್ಕೆ ಬರುತ್ತೇನೆ, ಗೆಳೆಯರ ಮಾತುಗಳಲ್ಲಿ ಎಲ್ಲಕ್ಕಿಂತ ತೂಕದ್ದು ಇದು. ನಮ್ಮ ಕಡೆ ಈಗ ಹೆಚ್ಚಿನವರ ಹತ್ತಿರ ಸೋನಿ. ಲೆನ್ಸ್ ಕೆಟ್ಟರೆ ಒಬ್ಬರಿಂದ ಒಬ್ಬರು ತರಬಹುದು. ನಾನೊಬ್ಬ ನಿಕಾನ್ ಹಿಡಿದು ನಿಂತರೆ ಕಷ್ಟಕ್ಕೆ ಯಾರು? ಕರಾವಳಿಯ ಸ್ಟುಡಿಯೋಗಳು ಬದುಕಿರುವುದೇ ಈ ಕೊಡುಕೊಳೆಯಿಂದ. ಒಬ್ಬನ ಮನೆಯಲ್ಲಿ ಸೂತಕವಾದರೆ ಅವನು ಒಪ್ಪಿದ ಮದುವೆಗೆ ಇನ್ನೊಬ್ಬ ಹೋಗುತ್ತಾನೆ. ಈ ನಂಟು ಒಡೆಯಬಾರದು ಎಂದು ನನಗೂ ಅಷ್ಟೇ ಕಳಕಳಿ ಇದೆ. ಸೋನಿ ಲೆನ್ಸ್ ನನ್ನ ಬಾಡಿಗೆ ಕೂರುವುದಿಲ್ಲ, ನನ್ನ ಲೆನ್ಸ್ ಸೋನಿಗೆ ಅಡಾಪ್ಟರ್ ಹಾಕಿ ಕೂರಿಸಿದರೂ ಫೋಕಸ್ ನಂಬುವಂತಿಲ್ಲ. ಹಾಗಾಗಿಯೇ ನಾನು ಎರಡು ಬಾಡಿ ಇಟ್ಟಿರುವುದು, ಅವು ಒಂದೇ ಮಾದರಿಯವಾಗಿರುವುದು. ನನ್ನ ಆಪತ್ತಿಗೆ ಬೇಕಾದದ್ದು ನನ್ನ ಬ್ಯಾಗಿನಲ್ಲೇ ಇರುತ್ತದೆ.

ಒಟ್ಟಿಗೆ ಕೆಲಸ ಮಾಡುವಾಗ ನಿಜವಾಗಿ ತೊಂದರೆ ಕೊಡುವುದು ಲೆನ್ಸ್ ಅಲ್ಲ, ಬಣ್ಣ. ಒಂದೇ ಮದುವೆಗೆ ಒಬ್ಬ ಸೋನಿ, ಒಬ್ಬ ನಿಕಾನ್, ಇನ್ನೊಬ್ಬ ಕ್ಯಾನನ್ ತಂದರೆ ಮದುಮಗಳ ಕೆಂಪು ಸೀರೆ ಆಲ್ಬಮ್ಮಿನಲ್ಲಿ ಮೂರು ಬಣ್ಣಕ್ಕೆ ತಿರುಗುತ್ತದೆ. ಇದನ್ನು ಸರಿಪಡಿಸಲು ಯಾರೂ ಬ್ರ್ಯಾಂಡ್ ಬದಲಿಸಬೇಕಿಲ್ಲ. ನಾನು ಗೆಳೆಯರ ಮುಂದಿಡುವ ಪ್ರಸ್ತಾಪ ಇದು. ಹಿಂದಿನ ದಿನ ಎಲ್ಲರ ಕ್ಯಾಮೆರಾದ ಗಡಿಯಾರ ಸೆಕೆಂಡಿಗೆ ಸರಿ ಹೊಂದಿಸೋಣ, ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಫೋಟೋಗಳ ಸರದಿ ಕೂಡುವುದಿಲ್ಲ. ಮಂಟಪದ ಬೆಳಕು ಹತ್ತಿದ ಕೂಡಲೇ ಎಲ್ಲರೂ ಒಂದೇ ಗ್ರೇ ಕಾರ್ಡಿನ, ಒಂದೇ ಕಲರ್ ಚೆಕ್ಕರಿನ ಫೋಟೋ ಒಂದೊಂದು ತೆಗೆದಿಟ್ಟುಕೊಳ್ಳೋಣ. ಆಟೋ ವೈಟ್ ಬ್ಯಾಲೆನ್ಸ್ ಬಿಟ್ಟು ಕೆಲ್ವಿನ್ ಒಂದೇ ಅಂಕಿಗೆ ಇಡೋಣ, ಎಲ್ಲರೂ ರಾದಲ್ಲೇ ತೆಗೆಯೋಣ. ಆ ಕಾರ್ಡಿನ ಆಧಾರದ ಮೇಲೆ ಪ್ರತಿ ಬಾಡಿಗೂ ಒಂದು ಪ್ರೊಫೈಲ್ ಮಾಡಿಟ್ಟರೆ ಮೂರು ಕಂಪನಿಯ ಫೋಟೋ ಒಂದೇ ಪುಟದಲ್ಲಿ ಕೂರುತ್ತದೆ. ಕಲರ್ ಚೆಕ್ಕರ್ ಒಂದು ನನ್ನ ಹತ್ತಿರ ಇದೆ. ಕೊಡಿ ಹಬ್ಬ ಮುಗಿದ ವಾರದಲ್ಲಿ ಯಾರ ಸ್ಟುಡಿಯೋದಲ್ಲಿ ಸೇರುವುದೆಂದು ಹೇಳಿ, ನಾನು ಬರುತ್ತೇನೆ. ನಿಮ್ಮ ಸೋನಿಗಳನ್ನು ತನ್ನಿ.